ಬಿಳಿ ಕೋಟಿನಲ್ಲಿ ಇಪ್ಪತ್ತು ನಿಮಿಷ

ಬರ್‌ಬ್ಯಾಂಕ್, ಕ್ಯಾಲಿಫೋರ್ನಿಯಾ
8 ಮಾರ್ಚ್ 1988, ಮಂಗಳವಾರ

ಪ್ರೀತಿಯ ವಿನ್ನಿ,

ನಿನ್ನ ಕಾಗದ ಶುಕ್ರವಾರವೇ ಕೈಸೇರಿತು. ನಾನು ಇಲ್ಲಿ ಚೆನ್ನಾಗಿದ್ದೇನೆ. ಮಂಡಿನೋವನ್ನು ಬಿಟ್ಟರೆ ಅದೇನೂ ಸುಳ್ಳಲ್ಲ. ನೀನು ಚೆನ್ನಾಗಿದ್ದೀಯಾ ಎಂದು ಕೇಳಲು ಮಾತ್ರ ಬಾಯಿ ಬರುತ್ತಿಲ್ಲ. ಬರುವ ಮಂಗಳವಾರ ಸ್ಪೋಕೇನ್‌ನ ಆಸ್ಪತ್ರೆಯಲ್ಲಿ ನಿನ್ನ ಹೃದಯದ ಆಪರೇಷನ್ ಎಂದು ಬರೆದಿದ್ದೀಯ. ನಿಮ್ಮಮ್ಮನ ಹೃದಯದಲ್ಲಿದ್ದ ತೊಂದರೆಯೇ ನಿನಗೂ ಬಂದಿದೆಯಂತೆ. ಆ ಸಾಲನ್ನು ಓದಿ ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಒಂಬತ್ತು ವರ್ಷಗಳಿಂದ ನಮ್ಮಿಬ್ಬರ ನಡುವೆ ಕ್ರಿಸ್‌ಮಸ್ ಕಾರ್ಡುಗಳಷ್ಟೇ ಓಡಾಡಿವೆ. ಈಗ ಹತ್ತು ಸಾಲಿನ ಕಾಗದ, ಅದರಲ್ಲಿ ಒಂದೇ ಪ್ರಶ್ನೆ. ಅಮ್ಮ ತೀರಿಕೊಂಡ ದಿನ ನಾನು ನಿನಗೆ ಹೇಳಿದ್ದೆ: ಆ ಸ್ಥಿತಿಯಲ್ಲಿ ನಿನ್ನ ಕಣ್ಣಿಗೆ ಬೀಳುವುದು ಅವಳಿಗೆ ಇಷ್ಟವಿರಲಿಲ್ಲ, ಮೊದಲು ಹೇಗಿದ್ದಳೋ ಹಾಗೇ ನೆನಪಿಟ್ಟುಕೊಳ್ಳಬೇಕಂತೆ, ಎಂದು. ಆ ಮಾತು ಅಮ್ಮ ಆಡಿದ್ದೋ, ನಾನು ಟಿ.ವಿ.ಯಲ್ಲಿ ಮಾಡುತ್ತಿದ್ದ ಡಾಕ್ಟರ್ ಪ್ರೆಂಟಿಸನ ಪಾತ್ರ ಆಡಿದ್ದೋ ಎಂದು ಕೇಳಿದ್ದೀಯ. ಒಂಬತ್ತು ವರ್ಷದ ಟೆಸ್ ನಿನ್ನ ಜೊತೆ ಆಸ್ಪತ್ರೆಯ ಕೋಣೆಗೇ ಬರುತ್ತೇನೆಂದು ಹಟ ಹಿಡಿದಿದ್ದಾಳಂತೆ. ಅಮ್ಮ ಹಾಗೆ ಹೇಳಿದ್ದು ನಿಜವಾದರೆ ನೀನೂ ಮಗಳನ್ನು ಹೊರಗೇ ಬಿಡುತ್ತೀಯಂತೆ. ಸುತ್ತಿ ಬಳಸಿ ಹೇಳಬೇಡ, ಒಂದು ಸಾಲು ಸಾಕು ಎಂದೂ ಬರೆದಿದ್ದೀಯ. ಒಂದೊಂದು ಸಾಲು ಹೇಳಿಯೇ ಮೂವತ್ತು ವರ್ಷ ಬದುಕಿದವನು ನಾನು. ಆದರೆ ನಿನಗೆ ಒಂದು ಸಾಲಿನಲ್ಲಿ ಹೇಳಲು ಆಗುತ್ತಿಲ್ಲ. ಸ್ವಲ್ಪ ತಾಳಿಕೋ.

ಅಯೋವಾದಲ್ಲಿ ದನದ ಮೇವು ಮಾರುವ ಅಂಗಡಿಯೊಂದರ ಗುಮಾಸ್ತನ ಮಗ ನಾನು. ಈ ಊರಿಗೆ ಬಂದಾಗ ಸಿನಿಮಾ ನಾಯಕನಾಗುವ ಆಸೆಯಿತ್ತು ಎಂದರೆ ನಗುತ್ತೀಯೇನೋ. ಮೊದಲ ವಾರವೇ ಒಬ್ಬ ನಿರ್ದೇಶಕ ನನ್ನ ಗಲ್ಲ ಹಿಡಿದು ಆಚೀಚೆ ತಿರುಗಿಸಿ ನೋಡಿ, ಇದು ಬ್ಯಾಂಕಿನ ಗುಮಾಸ್ತನ ಮುಖ ಎಂದುಬಿಟ್ಟ. ಅಪ್ಪನ ಕೆಲಸ ತಪ್ಪಿಸಿಕೊಳ್ಳಲು ಎರಡು ಸಾವಿರ ಮೈಲಿ ಬಂದಿದ್ದೆ. ಅದೇ ಕೆಲಸ ಸಿಕ್ಕಿತು. ದರೋಡೆಕೋರರಿಗೆ ತಿಜೋರಿ ತೆಗೆದುಕೊಟ್ಟೆ, ತಂತಿ ಕಚೇರಿಯಲ್ಲಿ ಕೂತು ಗುಂಡೇಟು ತಿಂದೆ, ಕೋರ್ಟಿನ ದೃಶ್ಯಗಳಲ್ಲಿ ಜ್ಯೂರಿಯ ಹನ್ನೆರಡು ಜನರಲ್ಲಿ ಒಬ್ಬನಾಗಿ ಕೂತು ತಲೆಯಾಡಿಸಿದೆ. ನಾನು ಕುದುರೆ ಹತ್ತಿದ ಚಿತ್ರವೇ ಇಲ್ಲ, ಕುದುರೆಯಿಂದ ಬಿದ್ದ ಚಿತ್ರಗಳಿವೆ. ಅಪ್ಪ ಮೂವತ್ತೆಂಟು ಸಲ ಸತ್ತಿದ್ದಾನೆ ಎಂದು ನೀನು ಶಾಲೆಯಲ್ಲಿ ಹೇಳಿಕೊಂಡು ಬಂದದ್ದು ನೆನಪಿದೆಯೇ? ನಿಮ್ಮಮ್ಮ ಬೆಳಗ್ಗೆ ಕಾಫಿ ಕೊಡುತ್ತಾ, ಇವತ್ತು ಊಟಕ್ಕೆ ಮೊದಲೇ ಸಾಯ್ತೀಯೋ ಆಮೇಲೋ ಎಂದು ಕೇಳುತ್ತಿದ್ದಳು. ಮೊದಲೇ ಸತ್ತರೆ ಮನೆಯಲ್ಲೇ ಊಟ.

ನನ್ನ ಮುಖ ಎಲ್ಲರಿಗೂ ಗೊತ್ತಿತ್ತು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ದಿನಸಿ ಅಂಗಡಿಯಲ್ಲಿ ಒಬ್ಬಾಕೆ ನನ್ನನ್ನು ತಡೆದು, ರೆಸೀಡಾದಲ್ಲಿ ಮೊಳೆ, ಬೀಗ ಮಾರುವ ಅಂಗಡಿಯವರು ನೀವೇ ತಾನೇ ಎಂದಳು. ನಾನು ಹೌದು ಎಂದೆ. ಅಷ್ಟೇ ಅಲ್ಲ, ಅವಳ ಹಿತ್ತಲ ಬಾಗಿಲಿಗೆ ಯಾವ ತಿರುಪು ಹಾಕಬೇಕೆಂದೂ ಹೇಳಿ ಕಳಿಸಿದೆ. ನಿಮ್ಮಮ್ಮ ಲೊರೇನ್ ಪಕ್ಕದಲ್ಲೇ ಇದ್ದಳು. ಕಾರಿನಿಂದ ಇಳಿಯುವಾಗ, "ಒಂದಲ್ಲ ಒಂದಿನ ‘ಅಲ್ಲ’ ಅನ್ನೋದು ಕಲ್ತ್ಕೋ, ಓರಿನ್" ಎಂದಳು. ನಾನದನ್ನು ತಮಾಷೆ ಎಂದುಕೊಂಡೆ.

ಅರವತ್ತೈದನೇ ಇಸವಿಯಲ್ಲಿ ಮಧ್ಯಾಹ್ನದ ಆಸ್ಪತ್ರೆ ಧಾರಾವಾಹಿ ಸಿಕ್ಕಿತು. ಡಾಕ್ಟರ್ ಪ್ರೆಂಟಿಸ್ ಯಾರಿಗೂ ಔಷಧ ಕೊಟ್ಟವನಲ್ಲ. ಆಪರೇಷನ್ ಕೋಣೆಯಿಂದ ಹೊರಬಂದು, ಕಾದು ಕೂತವರಿಗೆ ಕೆಟ್ಟ ಸುದ್ದಿ ಹೇಳುವುದಷ್ಟೇ ಅವನ ಕೆಲಸ. ಎರಡು ಹೆಜ್ಜೆ ಬಂದು ನಿಲ್ಲಬೇಕು, ಎಡಗೈಯಲ್ಲಿ ಕನ್ನಡಕ ತೆಗೆಯಬೇಕು, ನೆಲ ನೋಡಿ ಮನಸ್ಸಿನಲ್ಲೇ ಮೂರು ಎಣಿಸಬೇಕು, ಆಮೇಲೆ ಮಾತು. ನನ್ನ ಕೈ ಕನ್ನಡಕಕ್ಕೆ ಹೋದ ಕೂಡಲೇ ದೇಶದ ಅರ್ಧ ಹೆಂಗಸರು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಅಳುತ್ತಿದ್ದರಂತೆ. ಮೇಕಪ್ ಹಚ್ಚುವ ರೂಬಿ ನನ್ನನ್ನು ಸಾವಿನ ಅಂಚೆಯವನು ಎಂದೇ ಕರೆಯುತ್ತಿದ್ದಳು.

ಈಗ ಆ ಮಾತಿನ ವಿಷಯ. ನಮ್ಮ ಸ್ಟುಡಿಯೋ ಚಿಕ್ಕದು. ಕಾಯುವವರ ಕೋಣೆಯ ಸೆಟ್ ಹಾಕಿದ ದಿನ ವಾರ್ಡಿನ ಸೆಟ್ಟಿಗೆ ಜಾಗವಿರುತ್ತಿರಲಿಲ್ಲ. ಮನೆಯವರು ಒಳಗೆ ಹೋಗಿ ಕೊನೆಯ ಸಲ ನೋಡುತ್ತೇವೆ ಎಂದರೆ ಅವರನ್ನು ಕಳಿಸಲು ಒಳಗೆ ಕೋಣೆಯೇ ಇಲ್ಲ. ಅದಕ್ಕೇ ಬರೆಯುವವರು ಆ ಸಾಲು ಹೊಸೆದಿದ್ದರು: ನೀವು ಆ ಸ್ಥಿತಿಯಲ್ಲಿ ನೋಡುವುದು ಅವರಿಗೆ ಇಷ್ಟವಿರಲಿಲ್ಲ, ಮೊದಲು ಹೇಗಿದ್ದರೋ ಹಾಗೇ ನೆನಪಿಟ್ಟುಕೊಳ್ಳಿ. ಕೇಳಿದವರು ಅತ್ತು ಮನೆಗೆ ಹೋಗುತ್ತಿದ್ದರು, ನಾವು ದೀಪ ಆರಿಸುತ್ತಿದ್ದೆವು.

ನಿನ್ನ ಪ್ರಶ್ನೆಗೆ ಉತ್ತರ ಇಷ್ಟರಲ್ಲೇ ನಿನಗೆ ಸಿಕ್ಕಿರಬೇಕು. ಹೌದು, ಅದು ಡಾಕ್ಟರ್ ಪ್ರೆಂಟಿಸನ ಮಾತು. ನಿಮ್ಮಮ್ಮ ಅದನ್ನು ಆಡಲೇ ಇಲ್ಲ. ನಾಚಿಕೆಯಾಗುತ್ತಿದೆ, ವಿನ್ನಿ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಇದೂ ಅರ್ಧ ಸುಳ್ಳೇ ಆಗುತ್ತದೆ.

ಆ ದಿನ ಬೆಳಗ್ಗೆ ಹನ್ನೊಂದಕ್ಕೆ ಸ್ಟುಡಿಯೋಗೆ ಫೋನ್ ಬಂತು. ನಿಮ್ಮಮ್ಮನ ಆಪರೇಷನ್ ಆಗಿ ಮೂರನೇ ದಿನ, ಬೇಗ ಬನ್ನಿ ಎಂದರು ಆಸ್ಪತ್ರೆಯವರು. ನಾನು ಬಟ್ಟೆ ಬದಲಿಸಲಿಲ್ಲ. ಬಿಳಿ ಕೋಟು, ಕನ್ನಡಕ, ಮುಖದ ತುಂಬ ಬಣ್ಣ, ಕಾಲರಿಗೆ ಬಣ್ಣ ತಾಗದಿರಲೆಂದು ರೂಬಿ ಸಿಕ್ಕಿಸಿದ್ದ ಕಾಗದ, ಎಲ್ಲ ಹಾಗೇ. ಶಾಲೆಯಿಂದ ನಿನ್ನನ್ನು ಕರೆದುಕೊಂಡು ಹೋದೆ. ಹದಿನಾಲ್ಕು ತುಂಬದವರಿಗೆ ಮೇಲೆ ಪ್ರವೇಶವಿಲ್ಲ ಎಂದು ಬಾಗಿಲಲ್ಲೇ ಬೋರ್ಡು ಇತ್ತು, ನಿನಗೆ ಹದಿಮೂರು. ಕೆಳಗೆ ಚಾಕೊಲೇಟ್ ಯಂತ್ರದ ಪಕ್ಕದ ಸೋಫಾದಲ್ಲಿ ನಿನ್ನನ್ನು ಕೂರಿಸಿದೆ. ನಿನ್ನ ಕೈಯಲ್ಲಿ ತಿಮಿಂಗಿಲಗಳ ಮೇಲಿನ ಪುಸ್ತಕವಿತ್ತು. ನಾನು ಐದನೇ ಮಹಡಿಗೆ ಹೋದೆ. ಕೋಟು ನೋಡಿ ಯಾರೂ ನನ್ನನ್ನು ತಡೆಯಲಿಲ್ಲ.

ನಿಮ್ಮಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ಎಚ್ಚರವಿರಲಿಲ್ಲ. ಅಲ್ಲಿದ್ದ ನರ್ಸ್, ಮಿಸ್ ಅಲ್ವಾರೆಜ್ ಎಂದು ಹೆಸರು, ನನ್ನನ್ನು ಬಾಗಿಲ ಹತ್ತಿರ ಕರೆದು, "ಮಗೂನ ಕರ್ಕೊಂಡ್ ಬನ್ನಿ. ಆ ಬೋರ್ಡ್ ನಾನು ಓದಿಲ್ಲ ಅಂದ್ಕೊಳ್ಳಿ. ತಡ ಮಾಡ್ಬೇಡಿ" ಎಂದಳು. ನಿನ್ನನ್ನು ಕರೆತರಲೆಂದೇ ಹೊರಟೆ.

ಲಿಫ್ಟಿನ ಎದುರಿಗೇ ಕಾಯುವವರ ಕೋಣೆ. ಅಲ್ಲಿ ಟೋಪಿ ಹಾಕಿಕೊಂಡು, ಕೈಚೀಲ ಮಡಿಲಲ್ಲಿಟ್ಟು ಕೂತಿದ್ದ ಮುದುಕಿಯೊಬ್ಬಳು ನನ್ನನ್ನು ಕಂಡದ್ದೇ ಎದ್ದು ನಿಂತಳು. ಅವಳು ಟಿ.ವಿ. ನೋಡುವವಳಲ್ಲ. ಅವಳು ಕಂಡದ್ದು ಕೋಟನ್ನು. "ಡಾಕ್ಟ್ರೇ, ಬೆಳಗ್ಗಿಂದ ಯಾರೂ ಏನೂ ಹೇಳ್ತಿಲ್ಲ. ನಮ್ಮನೆಯವರು ಹೇಗಿದಾರೆ, ಅಷ್ಟು ಹೇಳಿ ಸಾಕು" ಎಂದಳು.

ನಾನು ಡಾಕ್ಟರಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಲಿಫ್ಟಿನ ಬಾಗಿಲು ತೆರೆಯಿತು. ನಾನು ಹತ್ತಲಿಲ್ಲ. ಅವಳ ಪಕ್ಕದಲ್ಲಿ ಕೂತೆ.

ಅವಳ ಹೆಸರು ಕೊವಾಚ್, ಗಂಡನದು ಮಿಕ್ಲೋಷ್, ಬ್ರೆಡ್ ಸುಡುವ ಕೆಲಸ. ಇಷ್ಟೆಲ್ಲ ಕೇಳಿ ತಿಳಿದುಕೊಂಡೆ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಇಂಥ ಆಪರೇಷನ್ ಎಂದರೆ ಹೊತ್ತಾಗುತ್ತದೆ, ಹೊತ್ತಾದಷ್ಟೂ ಒಳ್ಳೆಯದು ಎಂದೆ. ಬ್ರೆಡ್ ಸುಡುವವರ ಹೃದಯ ಗಟ್ಟಿಯಿರುತ್ತದೆ ಎಂದೂ ಹೇಳಿದೆ. ಎಲ್ಲಿಂದ ಬಂತೋ ಆ ಮಾತು. ಅವಳು ಅಳುತ್ತಾ ನಕ್ಕಳು. ಲಿಫ್ಟು ನಾಲ್ಕೈದು ಸಲ ಬಂದು ಹೋಯಿತು. ಪ್ರತಿ ಸಲವೂ ಅದರ ಸದ್ದು ನನ್ನ ಕಿವಿಗೆ ಬಿತ್ತು.

ಇದು ಅವಳ ಮೇಲಿನ ಕನಿಕರ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಕನಿಕರವಲ್ಲ. ಲೊರೇನಳ ಕೋಣೆಯಲ್ಲಿ ಏನು ಮಾಡಬೇಕು, ಎಲ್ಲಿ ನಿಲ್ಲಬೇಕು, ಏನು ಹೇಳಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಈ ಮುದುಕಿಯ ಪಕ್ಕದಲ್ಲಿ ಎಲ್ಲವೂ ಗೊತ್ತಿತ್ತು. ಹೆದರಿದ್ದೆ, ವಿನ್ನಿ. ಹೆಂಡತಿ ಸಾಯುತ್ತಿದ್ದಾಗ ಅಡಗಿಕೊಳ್ಳಲು ಒಂದು ಪಾತ್ರ ಸಿಕ್ಕಿತು, ಅದರಲ್ಲಿ ನುಸುಳಿಕೊಂಡೆ. ಇನ್ನೂ ನಾಚಿಕೆಗೇಡಿನ ವಿಷಯವೆಂದರೆ, ನಾನು ಅದನ್ನು ಬಹಳ ಚೆನ್ನಾಗಿ ಮಾಡುತ್ತಿದ್ದೆ, ಮತ್ತು ಚೆನ್ನಾಗಿ ಮಾಡುತ್ತಿದ್ದೇನೆಂದು ನನಗೆ ತಿಳಿಯುತ್ತಿತ್ತು.

ಮಿಸ್ ಅಲ್ವಾರೆಜ್ ಹುಡುಕಿಕೊಂಡು ಬಂದಳು. "ಮಿಸ್ಟರ್ ಟಿಬೆಟ್ಸ್, ಎಲ್ಲಿ ಹೋಗ್ಬಿಟ್ರಿ?" ಎಂದವಳು, ನಮ್ಮ ಕೈಗಳನ್ನು ನೋಡಿದಳು. ಮುದುಕಿ ನನ್ನ ಮುಖದ ಬಣ್ಣವನ್ನೂ ಕಾಲರಿನ ಕಾಗದವನ್ನೂ ಆಗಲೇ ಸರಿಯಾಗಿ ನೋಡಿದ್ದು. ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಹಾಗಾದ್ರೆ ನೀವು ಡಾಕ್ಟ್ರಲ್ವಾ?"

ಅಲ್ಲ ಎಂದೆ. ನಿಮ್ಮಮ್ಮ ನನಗೆ ಕಲಿತುಕೋ ಎಂದಿದ್ದ ಮಾತು ಅದೊಂದೇ. ನಾನು ಕಲಿಯುವಷ್ಟರಲ್ಲಿ ಅವಳು ತೀರಿಕೊಂಡು ಐದು ನಿಮಿಷವಾಗಿತ್ತು. ಗೋಡೆಯ ಗಡಿಯಾರದ ಪ್ರಕಾರ ನಾನು ಅಲ್ಲಿ ಕೂತಿದ್ದು ಇಪ್ಪತ್ತು ನಿಮಿಷ.

ಆಮೇಲಿನದು ನಿನಗೆ ಗೊತ್ತು. ಲಿಫ್ಟಿನಿಂದ ಇಳಿದು ನಿನ್ನ ಕಡೆ ಎರಡು ಹೆಜ್ಜೆ ಬಂದು ನಿಂತೆ. ಎಡಗೈ ತಾನಾಗಿಯೇ ಮೇಲೆ ಹೋಯಿತು. ಕನ್ನಡಕ ತೆಗೆದೆ, ನೆಲ ನೋಡಿದೆ. ದುಃಖ ತಡೆಯಲಾರದೆ ನಿಂತೆ ಎಂದು ನೀನು ತಿಳಿದಿದ್ದರೆ ಕ್ಷಮಿಸು, ಮೂರು ಎಣಿಸುತ್ತಿದ್ದೆ. ಎಲ್ಲ ಬಹಳ ಬೇಗ ಆಗಿಹೋಯಿತು, ನಿನ್ನನ್ನು ಕರೆಯಲು ಸಮಯವಿರಲಿಲ್ಲ ಎಂದೆ. ನೀನು ಪುಸ್ತಕ ಮುಚ್ಚಿ, ಒಂದ್ಸಲ ನೋಡ್ಬಹುದಾ ಎಂದು ಕೇಳಿದೆ. ಆಗ ನನ್ನ ಬಾಯಿಗೆ ಬಂದದ್ದು ಆ ಸಾಲು. ನೀನು ನನ್ನನ್ನೇ ನೋಡಿ, ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟೆ. "ಅಪ್ಪಾ, ಮುಖದ ಮೇಲೆ ಬಣ್ಣ ಹಾಗೇ ಇದೆ. ಒರೆಸ್ಕೋ" ಎಂದೆ.

ನಿಮ್ಮಮ್ಮನನ್ನು ಮಣ್ಣು ಮಾಡಿ ಎರಡು ವಾರಕ್ಕೆ ನಾನು ಕೆಲಸಕ್ಕೆ ಹೋದೆ. ಆ ವಾರದ ಕಂತಿನಲ್ಲಿ ಅದೇ ಸಾಲು ಬಂದಿತ್ತು. ಇದೊಂದು ಸಾಲು ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಹೇಳಿದೆ. ಸ್ಟುಡಿಯೋದಲ್ಲಿ ದೀಪ ಹಿಡಿಯುವವರೂ ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಯಿತು. ಇದನ್ನು ಬರೆಯುವಾಗ ನನ್ನ ಅಕ್ಷರ ಎಷ್ಟು ಚಿಕ್ಕದಾಗಿದೆ ನೋಡು. ಆ ಕಂತು ಬಂದ ಮಧ್ಯಾಹ್ನ ನೀನು ಜ್ವರ ಎಂದು ಮನೆಯಲ್ಲಿದ್ದೆ. ನೀನು ಎದ್ದು ಟಿ.ವಿ. ಆರಿಸಿದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಮಾತಾಡದೆ ಇರುವುದೇ ರೂಢಿಯಾಯಿತು.

ಇಷ್ಟು ವರ್ಷ ಹೇಳದ್ದನ್ನು ಈಗ ಹೇಳಿದ್ದೇನೆ. ನಿಮ್ಮಮ್ಮ ನಿದ್ದೆಯಲ್ಲೇ ಇದ್ದಳು, ಅವಳು ಬೇಕೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹಾಗಾಗಿ ಟೆಸ್ ವಿಷಯದಲ್ಲಿ ನಿನ್ನ ಮನಸ್ಸಿಗೆ ತೋಚಿದಂತೆ ಮಾಡು. ನೀನು ಕಾಗದದಲ್ಲಿ ನನ್ನನ್ನು ಬಾ ಎಂದಿಲ್ಲ, ಬರಬೇಡ ಎಂದೂ ಇಲ್ಲ. ಕರೆದರೆ ಬರುತ್ತೇನೆ. ಕೆಳಗಿನ ಸೋಫಾದಲ್ಲಿ ಕೂತಿರುತ್ತೇನೆ, ಯಾರ ಹತ್ತಿರವೂ ಮಾತಾಡುವುದಿಲ್ಲ.

ನಿನ್ನ ಆರೋಗ್ಯವನ್ನೇ ಬೇಡುತ್ತಿರುವ,
ನಾಚಿಕೆಪಟ್ಟ ನಿನ್ನ ಅಪ್ಪ,
ಓರಿನ್

ಮರೆತ ಮಾತು: ಇದನ್ನು ಅಂಟಿಸಿ, ಮೂಲೆಯ ಅಂಚೆಡಬ್ಬಿಯ ತನಕ ಹೋಗಿ, ವಾಪಸು ಬಂದು ಲಕೋಟೆ ಹರಿದಿದ್ದೇನೆ. ಮರೆತದ್ದಲ್ಲ, ಮುಚ್ಚಿಟ್ಟದ್ದು. ನಿಮ್ಮಮ್ಮನಿಗೆ ಎಚ್ಚರವಿತ್ತು. ನಿನ್ನನ್ನು ಕರೆತರಲು ಮೊದಲು ಹೇಳಿದವಳು ನರ್ಸ್ ಅಲ್ಲ, ಅವಳೇ. "ವಿನ್ನೀನ ಕರ್ಕೊಂಡ್ ಬಾ. ಈ ಕೊಳವೆ ಎಲ್ಲ ನೋಡಿ ಹೆದರ್ತಾಳೆ, ಹೆದರ್ಬೇಡ ಅಂತ ನಾನೇ ಹೇಳ್ತೀನಿ" ಎಂದಿದ್ದಳು. ಉಳಿದದ್ದನ್ನು ಮಿಸ್ ಅಲ್ವಾರೆಜ್ ಆಮೇಲೆ ಹೇಳಿದಳು. ನಾನು ಹೊರಟ ಮೇಲೆ ನಿಮ್ಮಮ್ಮ ತಲೆದಿಂಬು ಎತ್ತರಿಸಿ ಎಂದು ಕೇಳಿದಳಂತೆ, ತಲೆ ಬಾಚಿಸಿಕೊಂಡಳಂತೆ. ಬಾಗಿಲ ಕಡೆ ಮುಖ ಮಾಡಿ ಕಾದಳಂತೆ. ಕೊನೆಗೆ ಹೇಳಿದ್ದು, "ಓರಿನ್ ತಡ ಮಾಡೋನಲ್ಲ, ಲಿಫ್ಟ್ ಕೆಟ್ಟಿರ್ಬೇಕು" ಎಂದು.

ಲಿಫ್ಟ್ ಕೆಟ್ಟಿರಲಿಲ್ಲ, ವಿನ್ನಿ. ಟೆಸ್‌ಳನ್ನು ಒಳಗೆ ಕರೆದುಕೊಂಡು ಹೋಗು.