ಮೂರನೇ ಸಲ ಕೇಳಿದರೆ

ಬೀಗದ ಅಂಗಡಿ
ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದರೂ ಈ ಪೇಟೆಯ ಮುಕ್ಕಾಲು ಪಾಲು ಬೀಗಗಳ ಹೊಟ್ಟೆಯೊಳಗಿನ ಗುಟ್ಟು ಬಲ್ಲ ನಿನ್ನ ತಮ್ಮನ ನಮಸ್ಕಾರ. ಮೊನ್ನೆ ಫೋನಿನಲ್ಲಿ ನೀನೇ ಮಾತಾಡಿ ನೀನೇ ಇಟ್ಟೆ. ಅದಕ್ಕೇ ಈ ಕಾಗದ. ಇದರ ಬಾಯಿ ಮುಚ್ಚಿಸಲು ನಿನ್ನಿಂದಾಗದು.

ಸೋಮವಾರ ಮಗಳನ್ನು ಆ ಶಾಲೆಯಿಂದ ಬಿಡಿಸಿ ದೂರದ ಹಾಸ್ಟೆಲಿಗೆ ಹಾಕುತ್ತೇನೆ ಎಂದೆಯಲ್ಲ, ಸ್ವಲ್ಪ ತಡೆ.

ನಿನ್ನ ಮಗಳು, ನಮ್ಮ ಕಡ್ಡಿ, ಮಾಡಿದ್ದು ತಪ್ಪೇ. ಹದಿನೈದು ವರ್ಷದ ಹುಡುಗಿ ಹೇರ್‌ಪಿನ್ನಿನಿಂದ ಸ್ಟಾಫ್ ರೂಮಿನ ಬೀರು ತೆಗೆದು, ಟೀಚರುಗಳು ಕಿತ್ತಿಟ್ಟಿದ್ದ ಒಂಬತ್ತು ಮೊಬೈಲುಗಳನ್ನು ಚಾಕೊಲೇಟಿನ ಹಾಗೆ ಕ್ಲಾಸಿಗೆ ಹಂಚಿದರೆ ಹೆಡ್‌ಮೇಡಂ ಸುಮ್ಮನಿರುತ್ತಾರೆಯೇ? ಆ ವಿದ್ಯೆ ಎಲ್ಲಿ ಕಲಿತಳೋ! ಯಾರು ಕಲಿಸಿದ್ದು ಎಂದು ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ, ಸೊಕ್ಕು ಎಂದೆ ನೀನು. ಇರಲಿ.

ಮೂರು ವಾರ ಶಾಲೆಯಿಂದ ಹೊರಗಿಟ್ಟರೆಂದು ನೀನು ಇಲ್ಲಿಗೆ ಕಳಿಸಿದಾಗ ಮುಖ ಊದಿಸಿಕೊಂಡು ಕೂತಿದ್ದಳು. ಬೀಗ ಕಾಣೆಯಾದ ಕೀಲಿಗಳ ಡಬ್ಬ ಮುಂದಿಟ್ಟೆ. ಎರಡೇ ದಿನದಲ್ಲಿ ಎಲ್ಲವನ್ನೂ ವಿಂಗಡಿಸಿ, ಮಾಮ, ನೀನು ಕೀಲಿ ಉಜ್ಜೋ ಅರ ಹಿಡಿಯೋದೇ ಸೊಟ್ಟ ಅಂದಳು. ಮೂವತ್ತು ವರ್ಷದ ಸರ್ವೀಸಿಗೆ ಸಿಕ್ಕ ಸರ್ಟಿಫಿಕೇಟು! ಆದರೂ ನನ್ನ ಗುರು ಹಾಕಿಕೊಟ್ಟ ಕಟ್ಟಳೆಯನ್ನು ಗತ್ತಿನಿಂದ ಹೇಳಿಕೊಟ್ಟೆ. ಬೀಗ ಮುಟ್ಟುವ ಮೊದಲು ಒಳಗೇನಿದೆ ಎಂದು ಕೇಳಬೇಕು. ತೆರೆದ ಕೂಡಲೇ ಮುಖ ತಿರುಗಿಸಬೇಕು.

ಮಂಗಳವಾರ ಒಬ್ಬರು ಟ್ರಂಕು ಹೊತ್ತು ತಂದರು. ಈ ಕೆಲಸ ನಿಮ್ಮೊಬ್ಬರ ಕೈಲೇ ಆಗೋದಂತೆ ಅಂದರು. ಅಷ್ಟು ಸಾಕಾಯಿತು ನನಗೆ, ಕಟ್ಟಳೆ ಮರೆತು ಕೂತುಬಿಟ್ಟೆ. ಅರ್ಧ ಗಂಟೆ ತಿಣುಕಿದರೂ ಜಗ್ಗಲಿಲ್ಲ. (ಬೆಳಕು ಸಾಲದಿತ್ತು.) ಕಡ್ಡಿ ಕೈ ಹಾಕಿದಳು. ಒಳಗೆ ಟಕ್ ಎಂದಿತು. ಇನ್ನೇನು ತೆರೆಯಬೇಕು, ಸಲಕರಣೆ ಕೆಳಗಿಟ್ಟು, ಅಂಕಲ್, ಒಳಗೇನಿದೆ ಅಂತ ಕೇಳಿದಳು.

ಬಟ್ಟೆ ಅಂದರು. ಯಾವ ಬಣ್ಣದ್ದು ಅಂದಳು. ಅವರು ತಡವರಿಸಿ, ನಿನಗ್ಯಾಕಮ್ಮಾ ತಲೆಹರಟೆ ಎಂದು ರೇಗಿದರು. ಇವಳೂ ಬಿಡಲಿಲ್ಲ. ಕೊನೆಗೆ ಬಾಯಿ ಬಿಟ್ಟರು. ಟ್ರಂಕು ಅವರ ಮಗಳದು. ಹದಿನಾರು ವರ್ಷ. ಈಚೆಗೆ ಮನೆಯಲ್ಲಿ ಮಾತಿಲ್ಲ, ಎಲ್ಲಕ್ಕೂ ಬೀಗ. ಒಳಗೇನು ಮುಚ್ಚಿಟ್ಟಿದ್ದಾಳೋ ಎಂದು ಹೆದರಿ, ಅವಳು ಶಾಲೆಗೆ ಹೋದ ಹೊತ್ತು ನೋಡಿ ಎತ್ತಿಕೊಂಡು ಬಂದಿದ್ದರು.

ನಿನ್ನ ಮಗಳು ಬೀಗವನ್ನು ಮೊದಲಿದ್ದ ಹಾಗೇ ಕೂರಿಸಿ ಟ್ರಂಕನ್ನು ಅವರತ್ತ ತಳ್ಳಿದಳು. ಅವಳನ್ನೇ ಕೇಳಿ ಅಂದಳು. ಆ ದೊಡ್ಡ ಮನುಷ್ಯ ಸ್ಟೂಲಿನ ಮೇಲೆ ಕುಸಿದು ಕೂತು, ಕೇಳಿದರೆ ತೆಗೀತಾಳಾ ಎಂದು ಇವಳನ್ನೇ ಕೇಳಿದರು.

ಮೊದಲನೇ ಸಲ ತೆಗೆಯಲ್ಲ, ಬೈಯದೆ ಕೇಳಿದರೆ ಮೂರನೇ ಸಲ ತೆಗೀಬಹುದು ಅಂದಳು, ಅಕ್ಕಾ. ಅನ್ನುವಾಗ ದನಿ ಸ್ವಲ್ಪ ನಡುಗಿತು. ನಾನು ಮುಖ ತಿರುಗಿಸಿ ಕೀಲಿ ಉಜ್ಜುತ್ತಾ ಕೂತೆ.

ನೀನು ಎಷ್ಟು ಸಲ ಕೇಳಿದೆ? ಬೈಯದೆ?

ಅವಳ ಬ್ಯಾಗಿನಲ್ಲಿ ಒಂದು ಹೊಸ ಬೀಗವಿದೆ, ಸ್ಟಾಫ್ ರೂಮಿನ ಆ ಬೀರುವಿಗೆ. ಎರಡು ದಿನ ಒದ್ದಾಡಿದರೂ ತನ್ನಿಂದ ತೆರೆಯಲಾಗದ್ದನ್ನೇ ಆರಿಸಿದ್ದಾಳೆ. ತಾನೇ ಕೈಯಾರೆ ಕೊಟ್ಟು ಹೆಡ್‌ಮೇಡಂ ಹತ್ತಿರ ತಪ್ಪೊಪ್ಪಿಕೊಳ್ಳುತ್ತಾಳಂತೆ. ಹಾಸ್ಟೆಲಿನ ಮಾತು ಅದಾದ ಮೇಲೆ ಆಡು.

ನಿನ್ನ ಬುದ್ಧಿವಂತ ತಮ್ಮ

ಮರೆತಿದ್ದು: ಆ ಹೇರ್‌ಪಿನ್ ವಿದ್ಯೆ ಕಲಿಸಿದವನು ನಾನೇ. ಹೋದ ರಜೆಯಲ್ಲಿ, ನಿನ್ನದೇ ಅಡುಗೆಮನೆ ಕಪಾಟಿನ ಮೇಲೆ, ಜಂಬಕ್ಕೆ. ತೆರೆಯುವುದನ್ನು ತೋರಿಸಿದೆ, ಕೇಳುವುದನ್ನು ಹೇಳಿಕೊಡಲಿಲ್ಲ. ಅವಳು ತುಟಿ ಬಿಚ್ಚದಿದ್ದುದು ಸೊಕ್ಕಿನಿಂದಲ್ಲ, ನನ್ನ ಮರ್ಯಾದೆ ಉಳಿಸಲು. ಸೋಮವಾರ ಅಂಗಡಿ ಮುಚ್ಚಿ ನಾನೂ ಬಂದು ಹೆಡ್‌ಮೇಡಂ ಎದುರು ನಿಲ್ಲುತ್ತೇನೆ. ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ಬರೀ ಗೋಂದು ಹಚ್ಚಿ. ಅಂಟು ಕಿತ್ತಿದೆಯೇ ಎಂದು ಬೇಕಾದರೆ ನೋಡಿಕೋ. ನಾನಂತೂ ಪರೀಕ್ಷೆ ಮಾಡುವುದಿಲ್ಲ.