ಸೆಪ್ಟೆಂಬರಿನಲ್ಲಿ ಸತ್ತವರು ಬರುವುದಿಲ್ಲ

ಅಜುಮಿನೊ
ಜೂನ್ ೨೩

ಪ್ರೀತಿಯ ತಂಗಿ ಮಿತ್ಸುಯೊಗೆ,

ನಿನ್ನ ಕಾಗದ ಬಂದು ತಿಂಗಳಾಯಿತು. ಇಲ್ಲಿ ಜಡಿಮಳೆ ಹಿಡಿದಿದೆ. ಒಗೆದ ಬಟ್ಟೆ ಒಣಗುತ್ತಿಲ್ಲ; ಅತ್ತೆಯವರ ಮಂಡಿ, ನಮ್ಮ ಯಜಮಾನರ ಮುಖ, ಎರಡೂ ಬಿಗಿದುಕೊಂಡಿವೆ. ಅಕ್ಕ ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನಿನ್ನ ಮೇಲೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲಿ ನೀನು ಕಳಿಸಿದ ಹೊಸ ಚಹಾ ಪೊಟ್ಟಣವನ್ನೂ ಬಿಚ್ಚಿರಲಿಲ್ಲ. ನಿನ್ನೆ ಬಿಚ್ಚಿದೆ. ಚಹಾ ಚೆನ್ನಾಗಿದೆ, ಆದ್ದರಿಂದ ನಿನ್ನನ್ನು ಕ್ಷಮಿಸಿದ್ದೇನೆ.

ನಿನ್ನ ಗಂಡನ ಸಕ್ಕರೆ ಕಾಯಿಲೆ ಹೇಗಿದೆ? ಸಿಹಿ ಡಬ್ಬಿಯನ್ನು ಮೇಲಿನ ಅಟ್ಟದಲ್ಲಿಟ್ಟರೆ ಏಣಿ ಹಾಕಿ ತೆಗೆಯುವ ಜಾತಿ ಅವನದು, ಹುಷಾರು.

ಸರಿ, ಈಗ ಜಗಳಕ್ಕೆ ಬರುತ್ತೇನೆ. ಅಕ್ಕ, ಫಿನ್ಲೆಂಡಿಗೆ ಹೋಗಬೇಡ ಎನ್ನುವುದಿಲ್ಲ, ಮಗಳ ಸಮಾಧಿ ನೋಡಬೇಕು ಅನ್ನಿಸುವುದು ಸಹಜ, ಆದರೆ ಬೊನ್ ಹಬ್ಬದಲ್ಲೇ ಯಾಕೆ ಹೋಗಬೇಕು, ಸೆಪ್ಟೆಂಬರಿನಲ್ಲಿ ಹೋಗಬಾರದೇ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ಇಡೀ ಮನೆಯೇ ಹಾಡುತ್ತಿರುವ ಹಾಡು ಅದು. ಒಡಹುಟ್ಟಿದವಳೂ ಅದಕ್ಕೆ ತಾಳ ಹಾಕಬೇಕೇ?

ಈ ದೇಶದಲ್ಲಿ ವರ್ಷಕ್ಕೆ ಮೂರು ಸಲ ಎಲ್ಲರಿಗೂ ಒಟ್ಟಿಗೆ ರಜೆ. ಹೊಸ ವರ್ಷ, ಮೇ ತಿಂಗಳ ರಜೆಯ ವಾರ, ಸತ್ತವರು ಮನೆಗೆ ಬಂದು ಹೋಗುವ ಆಗಸ್ಟಿನ ಬೊನ್. ಜನ ಪೆಟ್ಟಿಗೆ ಕಟ್ಟಿ ಹೊರಡುತ್ತಾರೆ. ಆ ಪೆಟ್ಟಿಗೆಗಳು ಎಲ್ಲಿಗೆ ಬಂದು ಇಳಿಯುತ್ತವೆ ಹೇಳು? ನನ್ನಂಥವಳ ಮನೆ ಬಾಗಿಲಿಗೆ. ಹಿರಿಮಗನ ಹೆಂಡತಿಯಾಗಿ ಈ ಮನೆಗೆ ಬಂದಾಗಿನಿಂದ ಹೊಸ ವರ್ಷದಲ್ಲಿ ಬೇಯಿಸಿದ್ದೇನೆ, ಮೇ ತಿಂಗಳಲ್ಲಿ ನಾಟಿ ಮಾಡಿದ್ದೇನೆ, ಬೊನ್‌ನಲ್ಲಿ ಬದುಕಿದವರಿಗೂ ಸತ್ತವರಿಗೂ ಬಡಿಸಿದ್ದೇನೆ. ದೇಶಕ್ಕೆಲ್ಲ ರಜೆ, ನನಗೆ ಒಲೆ. ಇದನ್ನು ಗೋಳಾಡಲಿಕ್ಕೆ ಬರೆಯುತ್ತಿಲ್ಲ. ಇಷ್ಟು ಮಾಡಿದವಳು ಒಂದು ವರ್ಷ ಮಾಡದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ ಎನ್ನುತ್ತಿದ್ದೇನೆ, ಅಷ್ಟೇ.

ಮೊದಲು ನಿಲ್ದಾಣದ ಎದುರಿನ ಪ್ರವಾಸದ ಕಚೇರಿಗೆ ಹೋದೆ. ಅಲ್ಲಿ ಮೊಮೊಸೆ ಎಂಬ ಹುಡುಗಿ, ನಮ್ಮ ಕಡೆಯವಳೇ, ಬಹಳ ವಿನಯ.

"ಅಮ್ಮ, ಆಗಸ್ಟ್ ಹದಿಮೂರಕ್ಕೇ ಅಲ್ಲಿರಬೇಕಾ? ಬೊನ್ ಟೈಮು. ಇಡೀ ಊರಿಗೆ ಊರೇ ವಿಮಾನ ಹತ್ತುತ್ತೆ. ಒಂದೇ ಒಂದು ವಾರ ಮುಂದಕ್ಕೆ ಹಾಕಿ, ಟಿಕೆಟ್ಟು ಅರ್ಧಕ್ಕರ್ಧ ಇಳಿಯುತ್ತೆ."

"ಬೇಡಮ್ಮ, ಹದಿಮೂರಕ್ಕೇ ಬೇಕು."

"ಸೆಪ್ಟೆಂಬರಾದ್ರೆ ಕಾಡೆಲ್ಲ ಕೆಂಪಾಗಿರುತ್ತೆ. ಫೋಟೊ ಚೆನ್ನಾಗಿ ಬರುತ್ತೆ."

"ನಾನು ಫೋಟೊ ತೆಗೆಯೋಕೆ ಹೋಗ್ತಿಲ್ಲ. ಅದಿರಲಿ, ಅಲ್ಲಿ ಸೌತೆಕಾಯಿ ಸಿಗುತ್ತಾ ನೋಡು."

ಊಟದ ಚಿಂತೆಯೆಂದುಕೊಂಡಳು ಪಾಪ. ಅಕ್ಕಿ ಸಿಗುತ್ತದೆ, ಸೋಯಾ ಸಾರು ಸಿಗುತ್ತದೆ ಎಂದೆಲ್ಲ ಸಮಾಧಾನ ಹೇಳುತ್ತ ಕಂಪ್ಯೂಟರಿನಲ್ಲಿ ಹುಡುಕಿದಳು. "ಸೌತೆಕಾಯಿ ಇದೆ ಅಮ್ಮ. ಆದ್ರೆ ನಮ್ಮದರ ಥರ ಇಲ್ಲ, ಮಾರುದ್ದ ಇದೆ" ಎಂದಳು. ಉದ್ದವಿದ್ದರೆ ಇನ್ನೂ ಒಳ್ಳೆಯದು, ಬೇಗ ಓಡುತ್ತದೆ ಎಂದೆ. ಅವಳ ಕೈ ಅಲ್ಲಿಗೇ ನಿಂತಿತು. ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಬದನೆಕಾಯಿನೂ ನೋಡ್ಲಾ ಅಮ್ಮ?" ಎಂದು ಕೇಳಿದಳು. ಬೇಡ ಎಂದೆ. ಅಲ್ಲಿಂದ ಮುಂದೆ ಆ ಹುಡುಗಿ ಸೆಪ್ಟೆಂಬರಿನ ಸುದ್ದಿ ಎತ್ತಲಿಲ್ಲ, ನನಗೆ ಕಿಟಕಿ ಪಕ್ಕದ ಸೀಟು ಹುಡುಕಿ ಕೊಟ್ಟಳು.

ನಮ್ಮಮ್ಮ ಹೇಳುತ್ತಿದ್ದದ್ದು ನಿನಗೆ ನೆನಪಿದೆಯೇ? ಸತ್ತವರು ಬರುವಾಗ ಸೌತೆಕಾಯಿಯ ಕುದುರೆ, ಹೋಗುವಾಗ ಬದನೆಕಾಯಿಯ ಎತ್ತು; ಬೇಗ ಬರಲಿ, ನಿಧಾನ ಹೋಗಲಿ. ನಾವಿಬ್ಬರೂ ಕಡ್ಡಿ ಚುಚ್ಚಿ ಕಾಲು ಮಾಡುತ್ತಿದ್ದೆವು. ನಿನ್ನ ಎತ್ತು ಯಾವಾಗಲೂ ಕುಂಟುತ್ತಿತ್ತು.

ಮನೆಯಲ್ಲಿ ಸುದ್ದಿ ಹೇಳಿದ್ದು ಭಾನುವಾರದ ಊಟಕ್ಕೆ. ನಮ್ಮ ಯಜಮಾನರ ಅಕ್ಕ ಕಜುಯೆ ಬಂದಿದ್ದರು. ಅವರು ಬರದ ಭಾನುವಾರ ಯಾವುದಿದೆ? ನಾನು ಟಿಕೆಟ್ಟಿನ ಮಾತೆತ್ತಿದ್ದೇ ತಡ, ಯಜಮಾನರು ಚಾಪ್‌ಸ್ಟಿಕ್ ಕೆಳಗಿಟ್ಟರು.

"ಊರಿಗೊಂದು ದಾರಿ ಆದ್ರೆ ನಿನಗೊಂದು ದಾರಿ. ಹಿರಿಯರಿಗೆ ದಾರಿ ತೋರ್ಸೋಕೆ ಬಾಗಿಲಲ್ಲಿ ಬೆಂಕಿ ಹಚ್ಚೋರು ಯಾರು? ಎಡೆಗೆ ಮಂಜೂ ಕಡುಬು ಕರಿಯೋರು ಯಾರು?"

"ನೀವು."

"ನಾನಾ?"

"ಎಣ್ಣೆ ಕಾಯಬೇಕು, ಮಂಜೂನ ಹಿಟ್ಟಲ್ಲಿ ಅದ್ದಬೇಕು, ಬಿಡಬೇಕು. ಟ್ರ್ಯಾಕ್ಟರ್ ಬಿಚ್ಚಿ ಜೋಡಿಸೋ ಗಂಡಸಿಗೆ ಇದು ಬರಲ್ವಾ?"

ಕೊಯ್ಲು ಮುಗಿಯಲಿ, ನಾನೂ ಬರುತ್ತೇನೆ, ಇಬ್ಬರೂ ಹೋಗೋಣ ಎಂದರು. ಅವರು ಕೆಟ್ಟವರಲ್ಲ, ಮಿತ್ಸುಯೊ. ಹೋದ ವರ್ಷ ಫೆಬ್ರವರಿಯಲ್ಲಿ ಅಲ್ಲಿ ಫಿನ್ಲೆಂಡಿನ ಹಿಮದ ರಸ್ತೆಯಲ್ಲಿ ಕಾರು ಜಾರಿ ನಮ್ಮ ಚಿಜುರು ಹೋದಾಗ ಮಣ್ಣು ಹಾಕಿ ಬಂದವರು ಅವರೇ. ಅತ್ತೆಯವರ ಸೊಂಟದ ಮೂಳೆ ಮುರಿದಿತ್ತು, ನನಗೆ ಹೋಗಲಾಗಲಿಲ್ಲ. ಅವರು ನೋಡಿದ್ದಾರೆ, ನಾನು ನೋಡಿಲ್ಲ. ಅದಕ್ಕೇ ಅವರಿಗೆ ಕೊಯ್ಲಿನವರೆಗೆ ಕಾಯಲು ಬರುತ್ತದೆ.

ಆಗ ಕಜುಯೆ ಬಾಯಿ ಹಾಕಿದರು. "ಹಿರಿಸೊಸೆ ಬೊನ್‌ನಲ್ಲಿ ಮನೆ ಬಿಟ್ಟು ಹೋದ್ರೆ ಜನ ಏನಂತಾರೆ? ಬಂದ ಹಿರಿಯರು ಬಾಗಿಲು ನೋಡಿ ವಾಪಸ್ ಹೋಗ್ತಾರೆ. ಅಷ್ಟಕ್ಕೂ ಚಿಜುರು ಮದುವೆಯಾಗಿ ಹೋದ ಹುಡುಗಿ. ಅವಳೀಗ ಆ ಮನೆಯವಳು, ಈ ಮನೆ ಲೆಕ್ಕಕ್ಕೆ ಬರಲ್ಲ."

ನಾನು ಅನ್ನ ಬಡಿಸುತ್ತಿದ್ದೆ. ಸೌಟು ಕೈಯಲ್ಲೇ ಇತ್ತು. "ಅತ್ತಿಗೆ, ನೀವೂ ಮದುವೆಯಾಗಿ ಹೋದವರೇ ತಾನೆ? ಪ್ರತಿ ಬೊನ್‌ಗೂ ಇಲ್ಲೇ ಉಣ್ತೀರಲ್ಲ. ಬದುಕಿರೋ ಮಗಳು ಬರಬಹುದು, ಸತ್ತ ಮಗಳು ಬರಬಾರದಾ?" ಎಂದೆ.

ಅಷ್ಟೊತ್ತು ಕಿವಿ ಕೇಳದವರಂತೆ ಸಾರು ಕುಡಿಯುತ್ತಿದ್ದ ಅತ್ತೆಯವರು ಬಟ್ಟಲು ಕೆಳಗಿಟ್ಟು, "ನಾನು ಸತ್ತ ಮೇಲೆ ನೀನು ಹೀಗೇ ಊರೂರು ತಿರುಗ್ತಿದ್ರೆ ನನಗೆ ದಾರಿ ತೋರ್ಸೋರು ಯಾರೇ?" ಎಂದರು.

"ಅತ್ತೆ, ನೀವಿನ್ನೂ ಸತ್ತಿಲ್ಲವಲ್ಲ. ಸತ್ತ ವರ್ಷ ಖಂಡಿತ ಮನೇಲಿರ್ತೀನಿ."

ಅವರು ನಕ್ಕುಬಿಟ್ಟರು! ಹಲ್ಲಿನ ಸೆಟ್ಟು ಅಲುಗಾಡುವಷ್ಟು ನಕ್ಕು, ಮಗನ ಕಡೆ ತಿರುಗಿ, "ತದಾಹಾರು, ಈ ಸಲ ನೀನೇ ಬೆಂಕಿ ಹಚ್ಚು. ಇಷ್ಟು ವರ್ಷ ಕೈಕಟ್ಟಿ ನಿಂತು ನೋಡಿದ್ದು ಸಾಕು" ಎಂದರು. ಕಜುಯೆ ಹಣ್ಣು ತಿನ್ನದೆ ಎದ್ದು ಹೋದರು. ಕಲ್ಲಂಗಡಿ ನಮಗೆ ಉಳಿಯಿತು.

ಈಗ ನಿನ್ನ ಸೆಪ್ಟೆಂಬರಿಗೆ ಉತ್ತರ. ಶರತ್ಕಾಲದಲ್ಲಿ ಹಗಲು ರಾತ್ರಿ ಸಮವಾಗುವ ವಾರ ಸಮಾಧಿಗೆ ಹೋಗುವ ಪದ್ಧತಿ ಇದ್ದೇ ಇದೆಯಲ್ಲ, ಆಗ ಹೋದರೆ ಶಾಸ್ತ್ರಕ್ಕೂ ಸರಿ ಎಂದು ಬರೆದಿದ್ದೀ. ಜಾಣೆ ನೀನು. ಆದರೆ ಸೆಪ್ಟೆಂಬರಿನಲ್ಲಿ ನಾವು ಅವರ ಹತ್ತಿರ ಹೋಗುತ್ತೇವೆ, ಕಲ್ಲು ತೊಳೆಯುತ್ತೇವೆ, ಬರುತ್ತೇವೆ. ಅವರು ನಮ್ಮ ಹತ್ತಿರ ಬರುವುದು ಬೊನ್‌ನಲ್ಲಿ ಮಾತ್ರ. ನನಗೆ ಕಲ್ಲು ತೊಳೆಯುವುದು ಬೇಕಿಲ್ಲ, ಮಗಳು ಬೇಕು. ಈ ಮನೆಯಲ್ಲಿ ಅವಳು ಹೊರಗಿನವಳು. ಆ ಮನೆಯಲ್ಲಿ ಬೊನ್ ಎಂದರೇನೆಂದೇ ಗೊತ್ತಿಲ್ಲ. ಎರಡು ಮನೆಯ ಹುಡುಗಿ ಎರಡೂ ಕಡೆ ಬೆಂಕಿ ಕಾಣದೆ ನಿಂತಿರಬೇಕೇ? ಅವಳಿಗೆ ಕತ್ತಲೆಂದರೆ ಎಷ್ಟು ಹೆದರಿಕೆ ಎಂಬುದು ನಿನಗೇ ಗೊತ್ತು. ನಿಮ್ಮ ಮನೆಗೆ ಬಂದಾಗ ಬಚ್ಚಲಿಗೆ ಹೋಗಲೂ ನಿನ್ನ ಬಟ್ಟೆಯ ಚುಂಗು ಹಿಡಿಯುತ್ತಿದ್ದಳು.

ಅಳಿಯ ಯೂಹಾನಿಗೆ ಫೋನು ಮಾಡಿದೆ. ಚಿಜುರು ಕಲಿಸಿದ ಹರಕು ಮುರುಕು ಜಪಾನಿ ಮಾತು ಇನ್ನೂ ಮರೆತಿಲ್ಲ. ಬಾಗಿಲಲ್ಲಿ ಸುಡಲು ಭೂರ್ಜ ಮರದ ತೊಗಟೆ ಬೇಕು, ಇಲ್ಲಿಂದ ತರಲೇ ಎಂದು ಕೇಳಿದೆ. "ಅಮ್ಮ, ತೊಗಟೆ ತರಬೇಡಿ. ಇಲ್ಲಿ ತೊಗಟೆ. ಅಲ್ಲಿ ತೊಗಟೆ. ನನ್ನ ಮನೆ ಸುತ್ತ ಎಲ್ಲ ತೊಗಟೆ" ಎಂದ. ನಾವಿಬ್ಬರೂ ನಕ್ಕೆವು. ಆಮೇಲೆ ಅವನು ಅತ್ತ. ಕೇಳು, ನಾವು ಅಜುಮಿನೊದವರು ಸತ್ತವರನ್ನು ಕರೆಯಲು ಸುಡುವ ಮರವೇ ಅವಳ ಮನೆಯಂಗಳದ ತುಂಬ ಬೆಳೆದಿದೆ! ಹಚ್ಚುವವರು ಇರಲಿಲ್ಲ, ಅಷ್ಟೇ. ಅಲ್ಲಿ ಆಗಸ್ಟಿನಲ್ಲಿ ಬೇಗ ಕತ್ತಲಾಗುವುದಿಲ್ಲವಂತೆ. ಆಗಲಿ, ಕಾಯುತ್ತೇನೆ. ಬೆಳಕಿನಲ್ಲಿ ಹಚ್ಚಿದ ಬೆಂಕಿ ಯಾರಿಗೆ ಕಾಣುತ್ತದೆ?

ನೆರೆಹೊರೆಗೆ ತಿಳಿಸಿಲ್ಲ. ತಿಳಿಸಿದರೆ ಪ್ರಯಾಣಕ್ಕೆಂದು ದುಡ್ಡಿನ ಲಕೋಟೆ ಕೊಡುತ್ತಾರೆ. ಲಕೋಟೆ ತೆಗೆದುಕೊಂಡ ಮೇಲೆ ಅಷ್ಟೂ ಮನೆಗೆ ಸಿಹಿ ತಂದು ಹಂಚಬೇಕು. ನನ್ನದು ಸಿಹಿ ಹಂಚುವ ಪ್ರಯಾಣವಲ್ಲ. ನೀನೂ ಏನೂ ಕಳಿಸಬೇಡ.

ಪಾಸ್‌ಪೋರ್ಟು ಬಂದಿದೆ. ಫೋಟೊದಲ್ಲಿ ಸಿಟ್ಟಾದ ಆಮೆಯಂತೆ ಕಾಣುತ್ತೇನೆ. ಯಜಮಾನರು ನಿನ್ನೆ ಸಂಜೆ ಯಾರಿಗೂ ಹೇಳದೆ ಎಣ್ಣೆ ಕಾಯಿಸಿ ಮಂಜೂ ಕರಿದರು. ಹೊರಗೆ ಇದ್ದಿಲು, ಒಳಗೆ ತಣ್ಣಗೆ. ಹಿರಿಯರು ತಿಂದರೆ ಇನ್ನೊಮ್ಮೆ ಸಾಯುತ್ತಾರೆ ಎಂದರು ಅತ್ತೆ. ಆಗಸ್ಟಿನೊಳಗೆ ಕಲಿಯುತ್ತಾರೆ ಬಿಡು.

ನೀನು, ನಿನ್ನ ಗಂಡ, ಮೊಮ್ಮಕ್ಕಳು ಎಲ್ಲ ತಣ್ಣಗಿರಿ. ಚಿಕ್ಕವನ ಹಲ್ಲು ಗಟ್ಟಿಯಾಗಿ ಬರಲಿ, ದೊಡ್ಡವಳಿಗೆ ನಮ್ಮಮ್ಮನ ಬಾಯಿ ಬರದಿರಲಿ. ನನ್ನ ಹಟವನ್ನು ಬೈಯುವುದಿದ್ದರೆ ಆಗಸ್ಟ್ ಕಳೆದ ಮೇಲೆ ಬೈದುಕೋ.

ನಿನ್ನ ಅಕ್ಕ,
ಹಿಸಾನೊ

ಮರೆತ ಮಾತು: ಕಾಗದ ಮಡಿಸಿದ ಮೇಲೂ ಕೈ ಸುಮ್ಮನಿರುತ್ತಿಲ್ಲ. ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ಹೋದ ವರ್ಷದ ಬೊನ್ ಚಿಜುರುವಿನ ಮೊದಲ ಬೊನ್. ಹೊಸದಾಗಿ ಸತ್ತವರಿಗೆ ಕಟ್ಟುವ ಬಿಳಿ ಲಾಂದ್ರವನ್ನು, ನಮ್ಮ ಮನೆಯವಳಲ್ಲವೆಂದು, ಅವಳಿಗೆ ಕಟ್ಟಲಿಲ್ಲ. ಈ ಮನೆಯ ಸತ್ತವರಿಗೆಲ್ಲ ಸೇರಿ ಒಂದೇ ಕುದುರೆ. ನಾನು ಇನ್ನೊಂದು ಪುಟ್ಟದು ಮಾಡಿ, ಚಿಕ್ಕಂದಿನಲ್ಲಿ ಅವಳು ಮಾಡುತ್ತಿದ್ದ ಹಾಗೆ ಜೋಳದ ತೆನೆಯ ಕೂದಲಿನಿಂದ ಬಾಲ ಹಚ್ಚಿ, ಪೂಜೆಯ ಪೀಠದಲ್ಲಿ ಹೂವಿನ ಹಿಂದೆ ಇಟ್ಟಿದ್ದೆ. ಮರುದಿನ ಮಧ್ಯಾಹ್ನ ಕಜುಯೆ ಅಡುಗೆಮನೆಗೆ ಬಂದು ಕಡಲಪಾಚಿ ಹಾಕಿ ಹುಳಿ ಕಲಸಿದ ಸೌತೆಕಾಯಿ ಮಾಡಿದರು. ಚೆನ್ನಾಗಿದೆ ಎಂದು ಎಲ್ಲರೂ ತಿಂದರು, ನಾನೂ ತಿಂದೆ. "ಒಂದು ಕುದುರೆ ಜಾಸ್ತಿ ಆಗಿತ್ತಲ್ಲ, ಯಾರು ಹತ್ತಬೇಕು ಅದನ್ನ? ಸುಮ್ಮನೆ ಹಾಳಾಗುತ್ತೆ ಅಂತ ಹೆಚ್ಚಿಬಿಟ್ಟೆ" ಎಂದರು ಕಜುಯೆ. ಯಜಮಾನರು ಪೂಜೆಯ ಪೀಠದ ಕಡೆ ನೋಡಿದರು, ತಟ್ಟೆ ನೋಡಿದರು, ತಟ್ಟೆ ಖಾಲಿ ಮಾಡಿದರು. ಪಾತ್ರೆ ತೊಳೆಯುವಾಗ ಸಿಪ್ಪೆಯ ಬುಟ್ಟಿಯಲ್ಲಿ ಸಿಕ್ಕಿತು: ನಾಲ್ಕು ಕಡ್ಡಿ ಕಾಲು, ಒಂದು ಬಾಲ.

ನನ್ನ ಮಗಳು ಹತ್ತಿ ಬರಬೇಕಾದ ಕುದುರೆಯನ್ನು ನಾನು ನುಂಗಿದ್ದೇನೆ, ಮಿತ್ಸುಯೊ. ಆ ಬಾಲವನ್ನು ತೊಳೆದು, ಒಣಗಿಸಿ, ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದೇನೆ. ಕುದುರೆಗೆ ಅಲ್ಲಿಯ ಸೌತೆಕಾಯಿ ಸಾಕು. ಬದನೆಕಾಯಿ ಯಾಕೆ ಬೇಡವೆಂದೆ ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ನಾನು ಅವಳನ್ನು ಕರೆಯಲು ಹೋಗುತ್ತಿದ್ದೇನೆ. ಕಳಿಸಿಕೊಡುವ ಕೆಲಸ ಈ ಸಲ ನನ್ನದಲ್ಲ.