ನಿಮ್ಮ ಹಸಿರು ದೀಪವನ್ನು ನಂಬಿದವಳ ಪರವಾಗಿ

ವನ್ಯಪ್ರಾಣಿ ಮುನ್ನೆಚ್ಚರಿಕೆ ಯೋಜನೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಹೋದ ತಿಂಗಳು ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ನಿಮ್ಮ ಸಂದರ್ಶನ ಬಂದಿತ್ತು. ಖಾನಾಪುರದ ಕಾಡಂಚಿನ ಊರುಗಳಲ್ಲಿ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಅಳವಡಿಸಿದ ಮೇಲೆ ಕಾಡುಪ್ರಾಣಿಗಳ ದಾಳಿ ‘ಶೂನ್ಯಕ್ಕೆ ಇಳಿದಿದೆ’ ಎಂದು ನೀವು ಹೇಳಿದ್ದೀರಿ. ಅದು ಸುಳ್ಳು. ಸಂದರ್ಶನದ ಪಕ್ಕದ ಚಿತ್ರದಲ್ಲಿ ಕ್ಯಾಮೆರಾ ಕಂಬದ ಕೆಳಗೆ ನಿಂತು ನಗುತ್ತಿರುವ ಹೆಂಗಸು ನನ್ನ ಅಣ್ಣ ಪಾಂಡುರಂಗನ ಹೆಂಡತಿ, ನನ್ನ ವೈನಿ, ಕೇತಕಿ. ಆ ಪತ್ರಿಕೆ ಮನೆಮನೆಗೆ ಬಿದ್ದ ದಿನ ಆಕೆ ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಕರಡಿ ಆಕೆಯ ಮುಖ ಸೀಳಿತ್ತು. ಎಡಗಣ್ಣು ಹೋಗಿತ್ತು. ಇದು ನಿಮಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ, ಏಕೆಂದರೆ ಸಂದರ್ಶನ ಬರುವ ಮೊದಲೇ ನಿಮ್ಮ ಸಿಬ್ಬಂದಿ ಆಕೆಯ ಹಾಸಿಗೆಯ ಬಳಿ ಬಂದು ಹೋಗಿದ್ದರು. ಅವರು ಬಂದದ್ದೇಕೆ ಎಂಬುದನ್ನೂ ಹೇಳುತ್ತೇನೆ, ಓದಿ.

ಮೊದಲು ನನ್ನ ಪರಿಚಯ. ಇಲ್ಲದಿದ್ದರೆ ‘ಯಂತ್ರವೆಂದರೆ ಬೆದರುವ ಹಳ್ಳಿ ಹೆಂಗಸು’ ಎಂದು ಬದಿಗೆ ಸರಿಸಿಬಿಡುತ್ತೀರಿ. ನಾನು ರಾಮತೀರ್ಥ ನಗರದಲ್ಲಿರುತ್ತೇನೆ. ಬೆಳಗಾವಿಯ ಒಂದು ಫೌಂಡ್ರಿಯ ತಪಾಸಣೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎರಕ ಹೊಯ್ದು ಬಂದ ಬಿಡಿಭಾಗದ ಹೊಟ್ಟೆಯೊಳಗೆ ಬಿರುಕಿದೆಯೇ ಎಂದು ಯಂತ್ರದಲ್ಲಿ ನೋಡಿ ಹೇಳುವುದೇ ನನ್ನ ಅನ್ನ. ಪತ್ರಿಕೆಯ ತಂತ್ರಜ್ಞಾನ ಪುಟವನ್ನು ಕಾಲೇಜಿನ ದಿನಗಳಿಂದ ಓದುತ್ತಿದ್ದೇನೆ. ಓದೀ ಓದೀ ಅನುಮಾನದ ಪ್ರಾಣಿಯಾಗಿದ್ದೇನೆ. ಆ ಪುಟದಲ್ಲಿ ದಿನವೂ ಕ್ರಾಂತಿಯಾಗುತ್ತದೆ. ಡ್ರೋನ್ ಬಿತ್ತುತ್ತದೆ, ರೋಬೋಟ್ ಗಟಾರ ಬಳಿಯುತ್ತದೆ, ಆ್ಯಪ್ ಒಂದು ನೀರಿನ ಸೋರಿಕೆ ಕಂಡುಹಿಡಿಯುತ್ತದೆ. ಉದ್ಘಾಟನೆಯ ಸುದ್ದಿ ತಪ್ಪದೇ ಬರುತ್ತದೆ. ಅದೇ ಯಂತ್ರ ಕೆಟ್ಟು ನಿಂತ ಸುದ್ದಿ ಎಂದಾದರೂ ಬಂದದ್ದುಂಟೇ? ಮದುವೆಯ ಫೋಟೋ ತೆಗೆಯುವವರು ಸಂಸಾರ ಹೇಗಿದೆ ಎಂದು ಕೇಳಲು ಬರುವುದಿಲ್ಲ ನೋಡಿ, ಹಾಗೆ. ಇಷ್ಟು ದಿನ ಇದನ್ನೆಲ್ಲ ಓದಿ ಚಹಾ ಕುಡಿದು ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಗು ಬರುತ್ತಿಲ್ಲ.

ನನ್ನ ತವರು ಖಾನಾಪುರ ದಾಟಿ ಲೋಂಡಾ ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ವಾಡಿ. ಊರ ಹಿಂದೆ ಕಾಜೂ ತೋಟಗಳು, ತೋಟದ ಹಿಂದೆ ಹಳ್ಳ, ಹಳ್ಳದಾಚೆ ಕಾಡು. ಬೇಸಿಗೆಯಲ್ಲಿ ಕಾಜೂ ಹಣ್ಣಾದಾಗ ಅದರ ವಾಸನೆಗೆ ಕರಡಿ ಬರುತ್ತದೆ. ಹೆಂಗಸರು ಬೀಜ ಆರಿಸಲು ಒಟ್ಟಾಗಿಯೇ ಹೋಗುತ್ತಿದ್ದರು. ಒಬ್ಬಳ ಕೈಯಲ್ಲಿ ಖಾಲಿ ಎಣ್ಣೆ ಡಬ್ಬಿ, ಬಡಿಯಲು ಒಂದು ಕಟ್ಟಿಗೆ. ಡಬ್ಬಿ ಬಡಿಯುತ್ತ, ದೊಡ್ಡ ದನಿಯಲ್ಲಿ ಊರ ಸುದ್ದಿಯೆಲ್ಲ ಮಾತಾಡುತ್ತ ಹೋದರೆ ಕರಡಿ ತಾನಾಗಿಯೇ ಸರಿದು ಹೋಗುತ್ತದೆ. ಅದಕ್ಕೇನು ನಮ್ಮ ಮೇಲೆ ಹಗೆಯೇ? ಮನುಷ್ಯ ಥಟ್ಟನೆ ಎದುರಾದರೆ ಮಾತ್ರ ಹೆದರಿ ಮೈಮೇಲೆ ಬೀಳುತ್ತದೆ. ಡಬ್ಬಿಯ ಸಪ್ಪಳ ಕರಡಿಗೆ ಕೊಡುವ ಮುನ್ಸೂಚನೆ. ನಿಮ್ಮ ಯೋಜನೆ ಮುನ್ಸೂಚನೆ ಕೊಡುವುದು ಮನುಷ್ಯರಿಗೆ ಮಾತ್ರ. ಅದನ್ನೂ ಕೊಡಲಿಲ್ಲ, ಆ ಮಾತು ಬೇರೆ.

ಚಳಿಗಾಲದಲ್ಲಿ ನೀವು ಕಂಬ ನೆಟ್ಟಿರಿ. ಶಾಮಿಯಾನ ಬಂತು, ಛಾಯಾಗ್ರಾಹಕರು ಬಂದರು. ನಾನೂ ಅಂದು ಊರಲ್ಲಿದ್ದೆ. ನಿಮ್ಮ ಸಿಬ್ಬಂದಿಯೊಬ್ಬರು ಮೈಕಿನಲ್ಲಿ ಹೇಳಿದ ಮಾತು ಇದು: “ಇನ್ನ ಮ್ಯಾಲೆ ಡಬ್ಬಿ ಬಡಿಯೂದು ಬಂದ್ ಮಾಡ್ರಿ. ಕಂಬದ ಮ್ಯಾಲಿನ ಮಷೀನು ಸಪ್ಪಳಾನೂ ಕೇಳತೈತಿ. ನಿಮ್ಮ ಡಬ್ಬಿಗೆ ಅದು ಗೊಂದಲ ಆಗತೈತಿ, ಸುಳ್ಳs ಸೈರನ್ ಹೊಡೀತೈತಿ. ಮೊಬೈಲ್‌ನ್ಯಾಗ ನಮ್ಮ ಆ್ಯಪ್ ನೋಡ್ರಿ. ಕೆಂಪು ಇದ್ರ ಮನ್ಯಾಗಿರ್ರಿ, ಹಸಿರು ಇದ್ರ ಬೇಷಕ್ ಹೋಗ್ರಿ.”

ಪಕ್ಕದ ತೋಟದ ಮಾಯವ್ವ ಎದ್ದು ನಿಂತು ಕೇಳಿದಳು: “ಒಬ್ಬಾಕೀನ ಹೋದ್ರೂ ನಡೀತದೇನ್ರಿ?”

“ಹಸಿರು ಇದ್ರ ಒಬ್ರs ಹೋಗ್ರಿ, ಏನೂ ಆಗೂದಿಲ್ಲ,” ಎಂದರು ನಿಮ್ಮವರು. ಜನ ಚಪ್ಪಾಳೆ ತಟ್ಟಿದರು. ವೈನಿಯೂ ತಟ್ಟಿದಳು. ಮನೆಯಲ್ಲಿ ನಮ್ಮದು ಮರಾಠಿ, ಅಂದು ಸಂಜೆ ನನ್ನ ಮುಂದೆ ಮೊಬೈಲ್ ಹಿಡಿದು, “ಬಘ್ ಸುಮನ್, ಹಿರವಾ!” ಎಂದಳು. ನೋಡು ಸುಮನ್, ಹಸಿರು. ಇನ್ನು ಯಾರಿಗಾಗಿಯೂ ಕಾಯದೆ ತನ್ನ ಪುರಸೊತ್ತಿಗೆ ತೋಟಕ್ಕೆ ಹೋಗಬಹುದೆಂದು ಆಕೆಗೆ ಖುಷಿ. ಆ ಖುಷಿಯನ್ನು ನಾನು ಹೇಗೆ ತಪ್ಪೆನ್ನಲಿ? ಸರಕಾರದ ಮೈಕು, ಸರಕಾರದ ಆ್ಯಪು. ನಂಬದೆ ಇನ್ನೇನು ಮಾಡಬೇಕಿತ್ತು?

ಬೇಸಿಗೆ ಬಂತು. ಒಂದು ಸಂಜೆ ಜೋರು ಗಾಳಿ, ಅಡ್ಡಮಳೆ. ಮರುದಿನ ಬೆಳಿಗ್ಗೆ ನೆಲದ ತುಂಬ ಹಣ್ಣು ಉದುರಿರುತ್ತದೆಂದು ವೈನಿ ಬುಟ್ಟಿ ತೆಗೆದುಕೊಂಡಳು. ಮೊಬೈಲ್ ನೋಡಿದಳು. ಹಸಿರು. ಒಬ್ಬಳೇ ಹೋದಳು, ನೀವು ಹೇಳಿದಂತೆ ಸದ್ದಿಲ್ಲದೆ. ಬಗ್ಗಿ ಬೀಜ ಆರಿಸುತ್ತ ಒಂದು ಪೊದೆ ದಾಟಿದರೆ ಆಚೆ ಬದಿಯಲ್ಲಿ ಕರಡಿ ಹಣ್ಣು ತಿನ್ನುತ್ತಿತ್ತು. ಅದಕ್ಕೂ ಇವಳು ಬಂದದ್ದು ಗೊತ್ತಾಗಿರಲಿಲ್ಲ. ಮುಂದಿನದನ್ನು ವೈನಿ ಇಷ್ಟೇ ಹೇಳುತ್ತಾಳೆ: ಕಪ್ಪಗೆ ಏನೋ ಎದ್ದು ನಿಂತಿತು, ಆಮೇಲೆ ಬಾಯಿತುಂಬ ಮಣ್ಣು. ಚೀರಾಟ ಕೇಳಿದ ಮಾಯವ್ವ ಬಕೆಟ್ಟಿಗೆ ಕಲ್ಲು ಬಡಿಯುತ್ತ, ಬಾಯಿಗೆ ಬಂದಂತೆ ಬೈಯುತ್ತ ಓಡಿ ಬಂದಳು. ಕರಡಿ ಬಿಟ್ಟು ಓಡಿತು. ಮಾಯವ್ವ ತನ್ನ ಸೆರಗು ಹರಿದು ಮುಖಕ್ಕೆ ಕಟ್ಟಿ ಕೂಗಿಕೊಂಡಳು. ಅಣ್ಣ ಓಡಿಬಂದು ಹೆಂಡತಿಯನ್ನು ಹೊತ್ತು ರಸ್ತೆಗೆ ತಂದ. ರಸ್ತೆ ಬದಿಯಲ್ಲಿ ನಿಮ್ಮ ಕಂಬ ನಿಂತಿತ್ತು, ತೆಪ್ಪಗೆ.

ಬೆಳಗಾವಿಯಲ್ಲಿ ಯಂತ್ರಗಳೇ ಆಕೆಯನ್ನು ಉಳಿಸಿದವು, ಅದನ್ನೂ ಹೇಳಬೇಕು. ತಲೆಬುರುಡೆ ಎಲ್ಲಿ ಸೀಳಿದೆ ಎಂದು ಸ್ಕ್ಯಾನ್ ತೋರಿಸಿತು, ವೈದ್ಯರು ಅದನ್ನು ನೋಡಿ ಶಸ್ತ್ರಚಿಕಿತ್ಸೆ ಮಾಡಿದರು. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ ಸ್ವಾಮಿ. ಸಿಟ್ಟು ನಿಮ್ಮ ಮೇಲೆ.

ನಾನು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ನಿಮ್ಮ ತಾಂತ್ರಿಕ ಸಹಾಯಕರು ಪರದೆ ನೋಡಿ ಹೇಳಿದರು: “ಮೇಡಂ, ಅವತ್ತ ಆ ಜಾಗಾದಾಗ ಯಾವ ಪ್ರಾಣೀನೂ ಬಂದಿಲ್ರಿ.”

“ಮತ್ತ ನಮ್ಮ ವೈನಿ ಮಾರಿ ಯಾರು ಹರದಾರ್ರಿ?”

“ಘಟನಾ ಆಗಿರಬಹುದ್ರಿ. ಆದ್ರ ಕ್ಯಾಮೆರಾಕ್ಕ ಕಂಡಿಲ್ಲ. ಅದಕ್ಕ ಕಾಣಲಿಲ್ಲಂದ್ರ ದಾಳಿ ಅಂತ ಎಂಟ್ರಿ ಬೀಳೂದಿಲ್ರಿ.”

“ಕ್ಯಾಮೆರಾ ಚಾಲೂ ಇತ್ತೇನು?”

“ಇಲ್ರಿ. ಹಿಂದಿನ ದಿನದ ಗಾಳಿ-ಮಳಿಗೆ ಬಂದ್ ಆಗಿತ್ತು.”

“ಬಂದ್ ಇದ್ದ ಕ್ಯಾಮೆರಾ ಮೊಬೈಲ್‌ನ್ಯಾಗ ಹಸಿರು ಹೆಂಗ ತೋರಸ್ತು?”

“ಏನೂ ಮಾಹಿತಿ ಬರದs ಇದ್ರ ಹಸಿರs ತೋರಸ್ತೈತ್ರಿ,” ಎಂದರು ಅವರು, ತೀರಾ ಸಹಜವಾಗಿ. “ಮೊದಲಿಂದ ಹಂಗs ಇಟ್ಟಾರ.”

ನಮ್ಮ ಫೌಂಡ್ರಿಯಲ್ಲಿ ತಪಾಸಣೆ ಆಗದ ಮಾಲಿಗೆ ‘ಪಾಸ್’ ಚೀಟಿ ಅಂಟಿಸಿದರೆ ಅಂದೇ ನನ್ನನ್ನು ಗೇಟಿನಾಚೆ ಕಳಿಸುತ್ತಾರೆ. ಅದು ಬರೀ ಕಬ್ಬಿಣ. ನೀವು ಕಣ್ಣು ಮುಚ್ಚಿದ ಯಂತ್ರದ ಕೈಯಲ್ಲಿ ‘ಅಪಾಯವಿಲ್ಲ’ ಎಂದು ಹೇಳಿಸಿದಿರಿ, ಮನುಷ್ಯರಿಗೆ. ‘ಗೊತ್ತಿಲ್ಲ’ ಎಂಬ ಒಂದು ಪ್ರಾಮಾಣಿಕ ಮಾತು ಹೇಳಲು ಯಾವ ಕೃತಕ ಬುದ್ಧಿ ಬೇಕು? ಇನ್ನು ನಿಮ್ಮ ಶೂನ್ಯದ ಗುಟ್ಟು: ಕ್ಯಾಮೆರಾ ನೋಡಿದರೆ ತಾನೇ ದಾಳಿ? ಎಲ್ಲ ಕ್ಯಾಮೆರಾಗಳನ್ನೂ ಬಂದ್ ಮಾಡಿಬಿಡಿ, ಇಡೀ ಜಿಲ್ಲೆಯಲ್ಲಿ ಕರಡಿಯೇ ಇಲ್ಲದಂತಾಗುತ್ತದೆ. ಪ್ರಶಸ್ತಿಯೂ ಬರಬಹುದು.

ಈಗ ಆಸ್ಪತ್ರೆಯ ಮಾತು. ವೈನಿಗೆ ಮಾತಾಡುವಷ್ಟು ಶಕ್ತಿ ಬಂದಿತ್ತಷ್ಟೇ. ನಿಮ್ಮ ಇಬ್ಬರು ಸಿಬ್ಬಂದಿ ಹಣ್ಣಿನ ಚೀಲ ಹಿಡಿದು ಬಂದರು. ಒಬ್ಬರು ಮೊಬೈಲ್ ತೆಗೆದು ವಿಡಿಯೋ ಹೇಳಿಕೆ ಬೇಕೆಂದರು. “ಅಕ್ಕಾರ, ಸೈರನ್ ಆಗಿತ್ತು, ನನಗ ಲಕ್ಷ್ಯ ಇರಲಿಲ್ಲ ಅಂತ ಒಂದ ಮಾತ ಹೇಳಿಬಿಡ್ರಿ. ಪರಿಹಾರದ ಕೆಲಸ ಲಗೂನ ಆಗತೈತಿ.”

ಅಣ್ಣ ನೆಲ ನೋಡುತ್ತಿದ್ದ. ಆಸ್ಪತ್ರೆಯ ಖರ್ಚಿಗೆ ಅವನು ಎಲ್ಲೆಲ್ಲಿ ಕೈ ಚಾಚಿದ್ದನೆಂದು ನನಗೆ ಗೊತ್ತು. ಮೆಲ್ಲಗೆ, “ಹೇಳಿಬಿಡು, ಕೇತಕಿ,” ಎಂದ. ನಾನು ಬಾಯಿ ತೆರೆಯುವ ಮೊದಲೇ ವೈನಿ ದಿಂಬಿಗೆ ಕೈಯೂರಿ ಎದ್ದು ಕುಳಿತಳು. ಹೊಲಿಗೆ ಹಾಕಿದ ತುಟಿ ಸರಿಯಾಗಿ ಆಡುತ್ತಿರಲಿಲ್ಲ. ಆದರೂ ಕನ್ನಡದಲ್ಲೇ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು:

“ಸೈರನ್ ಆಗಿಲ್ರೀ. ಆಗಿದ್ರ ನಾ ಹೋಗತಿರಲಿಲ್ಲ. ನಾ ಸುಳ್ಳ ಹೇಳಿದ್ರ ನಾಳೆ ಇನ್ನೊಬ್ಬಾಕಿ ಹಸಿರು ನೋಡಿ ಹೋಗತಾಳ. ಇದನ್ನ ತಗೋತೀರಂದ್ರ ವಿಡಿಯೋ ಚಾಲೂ ಮಾಡ್ರಿ. ಇಲ್ಲಂದ್ರ ಮೊಬೈಲ್ ಒಳಗಿಟ್ಟು ನಡೀರಿ. ಆ ಹಣ್ಣೂ ಒಯ್ರಿ.”

ವಿಡಿಯೋ ಚಾಲೂ ಆಗಲಿಲ್ಲ. ಅಣ್ಣ ಎದ್ದು ಬಾಗಿಲು ತೆರೆದು ಹಿಡಿದ. ಅವರು ಹೋದ ಮೇಲೆ ಹಾಸಿಗೆಯ ಬದಿಗೆ ಬಂದು ಆಕೆಯ ಪಾದ ಹಿಡಿದುಕೊಂಡು ಅತ್ತ. ಪರಿಹಾರದ ಅರ್ಜಿ ಇಂದಿಗೂ ‘ಪರಿಶೀಲನೆಯಲ್ಲಿದೆ’. ಏನು ಪರಿಶೀಲಿಸುತ್ತಿದ್ದೀರಿ? ಕಣ್ಣು ಮತ್ತೆ ಚಿಗುರುತ್ತದೆಯೋ ಎಂದೇ?

ಆದ್ದರಿಂದ ಕೇಳುತ್ತಿದ್ದೇನೆ, ಇದು ವಿನಂತಿಯಲ್ಲ. ‘ಶೂನ್ಯ’ ಎಂದ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ದಾಳಿ ನಡೆದಿದೆ, ಅಂದು ಯಂತ್ರ ಸತ್ತಿತ್ತು ಎಂದು ಒಪ್ಪಿಕೊಳ್ಳಿ. ಸುದ್ದಿ ಬರೆದವರೂ ಒಮ್ಮೆ ವಾಡಿಗೆ ಬಂದು ನೋಡಲಿ. ಮಾಹಿತಿ ಇಲ್ಲದಾಗ ಹಸಿರು ತೋರಿಸುವುದನ್ನು ಇಂದೇ ನಿಲ್ಲಿಸಿ; ಆಗದಿದ್ದರೆ ಆ್ಯಪನ್ನೇ ಮುಚ್ಚಿ. ನಮ್ಮ ಹೆಂಗಸರು ಮತ್ತೆ ಗುಂಪು ಕಟ್ಟಿಕೊಂಡು ಡಬ್ಬಿ ಬಡಿಯುತ್ತ ಹೋಗುತ್ತಿದ್ದಾರೆ, ಅವರನ್ನು ಗದರಿಸಲು ನಿಮ್ಮವರನ್ನು ಕಳಿಸಬೇಡಿ. ಕೇತಕಿಯ ಪರಿಹಾರವನ್ನು ಆಕೆಯ ಬಾಯಿಂದ ಸುಳ್ಳು ಹೇಳಿಸದೆ ಕೊಡಿ.

ಇದ್ಯಾವುದೂ ಬೇಕಿಲ್ಲ, ಯೋಜನೆ ಸರಿಯಾಗಿಯೇ ಇದೆ ಎನ್ನುವಿರಾದರೆ ಒಂದು ಬೆಳಿಗ್ಗೆ ವಾಡಿಗೆ ಬನ್ನಿ. ಛಾಯಾಗ್ರಾಹಕರು ಬೇಡ, ಬೆಂಗಾವಲು ಬೇಡ. ನಿಮ್ಮ ಮೊಬೈಲಿನಲ್ಲಿ ಹಸಿರು ನೋಡಿಕೊಳ್ಳಿ. ಆಮೇಲೆ ಕಾಜೂ ತೋಟದ ದಾರಿಯಲ್ಲಿ ಹಳ್ಳದವರೆಗೆ ನಡೆಯಿರಿ. ಸದ್ದು ಮಾಡದೆ. ಒಬ್ಬರೇ.

ಇಂತಿ,
ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ಕೂತು ಸಾಕಾದ,
ಸುಮನ್
ರಾಮತೀರ್ಥ ನಗರ, ಬೆಳಗಾವಿ